ಗುಂಡಿಯೊಳಗಿನ ನಳ: ಎರಿ ಸೀಮೆಯ ಒಂದು ಓಣಿಯ ವಾಂತಿಭೇದಿ ಪ್ರಕರಣ

ಗದಗ ಜಿಲ್ಲೆಯ ಎರಿ ಸೀಮೆಯ, ಅಂದರೆ ಕಪ್ಪು ಮಣ್ಣಿನ ನಾಡಿನ, ಒಂದು ಊರು. 420 ಮನೆ, 2,100 ಜನ. ಊರಿನ ಹೆಸರು ಕೊಟ್ಟಿಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಈ ಭಾಗದ ಊರುಗಳಲ್ಲಿ ಕಾಣುವ ಸಂಗತಿಗಳನ್ನು ಒಂದೇ ಊರಿನ ಮೇಲಿಟ್ಟು ಕಟ್ಟಿದ ಕಲಿಕೆಯ ಪ್ರಕರಣ ಇದು. ರೋಗಿಗಳ ಎಣಿಕೆ, ವಾರಗಳು, ಟ್ಯಾಂಕಿನ ಅಳತೆ ಇವೆಲ್ಲ ಲೆಕ್ಕದ ದಾರಿ ತಿಳಿಯಲೆಂದು ಇಟ್ಟವು. ರೋಗದ ನಡೆ, ಔಷಧದ ಪ್ರಮಾಣ, ಕ್ಲೋರಿನ್ ಲೆಕ್ಕ ಮಾತ್ರ ಎಲ್ಲ ಊರಿಗೂ ಒಂದೇ.

ಊರಿನ ಮೇಲ್ಭಾಗದಲ್ಲಿ 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ. ಹೊಳೆ ನೀರು ಅಲ್ಲಿಗೆ ಏರಿ, ದಿನ ಬಿಟ್ಟು ದಿನ ಒಂದೊಂದು ಓಣಿಗೆ ಒಂದು ತಾಸು ಬಿಡುತ್ತಾರೆ. ಊರ ಕೆಳಗೆ, ಹಳ್ಳದ ಕಡೆಗೆ ಇಳಿಯುವ ಕಡೆಯ ಓಣಿಯಲ್ಲಿ 52 ಮನೆ, 260 ಜನ. ಊರಲ್ಲಿ ನೀರು ಶುದ್ಧ ಮಾಡುವ ಆರ್‌ಓ ಘಟಕವೂ ಇದೆ. ಗದಗ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಇಂಥ ಘಟಕಗಳು ಬಹಳ ಊರುಗಳಿಗೆ ಬಂದಿವೆ. ಅನುಕೂಲವಿದ್ದವರು ಅಲ್ಲಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ, ಉಳಿದವರು ನಳದ ನೀರನ್ನೇ ಸೋಸಿ ಕುಡಿಯುತ್ತಾರೆ.

ಮೊದಲ ಎರಡು ದಿನ

ಭಾನುವಾರ ರಾತ್ರಿ ದೊಡ್ಡ ಮಳೆ. ಸೋಮವಾರ ಬೆಳಿಗ್ಗೆ ಆರಕ್ಕೆ ಕೆಳಗಿನ ಓಣಿಗೆ ನೀರು ಬಿಟ್ಟರು. ಮಂಗಳವಾರ ನಸುಕಿನಲ್ಲಿ 62 ವರ್ಷದ ಹೆಂಗಸೊಬ್ಬರಿಗೆ ಭೇದಿ ಶುರುವಾಯಿತು. ಹೊಟ್ಟೆನೋವು ಅಷ್ಟಾಗಿ ಇಲ್ಲ, ಜ್ವರವಿಲ್ಲ, ರಕ್ತವಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಒಂದು ತಾಸಿನಲ್ಲಿ ನಾಲ್ಕೈದು ಸಲ. ಆಮೇಲೆ ವಾಂತಿ. ಮಧ್ಯಾಹ್ನದ ಹೊತ್ತಿಗೆ ಅದೇ ಓಣಿಯಲ್ಲಿ ಐದು ವರ್ಷದ ಹುಡುಗನಿಗೂ, ಕೂಲಿಗೆ ಹೋಗುವ ಒಬ್ಬನಿಗೂ ಅದೇ ಲಕ್ಷಣ.

ಆಶಾ ಕಾರ್ಯಕರ್ತೆ ಸಂಜೆ ಮೂವರ ವಿಷಯವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನಿನಲ್ಲಿ ತಿಳಿಸಿದರು. ಈ ಫೋನಿನ ಬೆಲೆ ದೊಡ್ಡದು. ಒಂದೇ ಓಣಿಯಲ್ಲಿ ಒಂದೇ ದಿನ ಮೂವರಿಗೆ ನೀರಿನಂಥ ಭೇದಿಯಾದರೆ ಅದು ಮೂರು ಬೇರೆ ಬೇರೆ ಕಾಯಿಲೆಯಲ್ಲ. ದೊಡ್ಡವರೊಬ್ಬರು ಕೆಲವೇ ತಾಸಿನಲ್ಲಿ ಕಣ್ಣು ಗುಳಿಬಿದ್ದು ಮಲಗಿದರೆ, ಪ್ರಯೋಗಾಲಯದ ವರದಿ ಬರುವ ಮೊದಲೇ ಕಾಲರಾ ಎಂದು ತಿಳಿದು ಕೆಲಸ ಶುರುಮಾಡಬೇಕು.

ಊರಿನಲ್ಲಿ ಅಷ್ಟರಲ್ಲಿ ಬೇರೆ ಮಾತು ಎದ್ದಿತ್ತು. ಭಾನುವಾರ ಮದುವೆ ಊಟ ಇತ್ತು, ಅದರದ್ದೇ ಕಾರಣ ಎಂದು. ಕೇಳಲು ಸರಿಯೆನಿಸುವ ಮಾತು. ಆದರೆ ಊಟದಲ್ಲಿ ವಿಷ ಬೆರೆತರೆ, ಅಂದರೆ ಇಟ್ಟ ಅಡುಗೆಯಲ್ಲಿ ಸ್ಟೆಫೈಲೊಕಾಕಸ್ ಎನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿದ್ದರೆ, ಉಂಡವರಿಗೆ ಒಂದರಿಂದ ಆರು ತಾಸಿನೊಳಗೆ ಒಟ್ಟಿಗೇ ವಾಂತಿ ಬರುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಾಲರಾದ ರೋಗಾಣು ಹೊಟ್ಟೆಗೆ ಹೋಗಿ ಲಕ್ಷಣ ಕಾಣಿಸಿಕೊಳ್ಳಲು ಕೆಲವು ತಾಸಿನಿಂದ ಐದು ದಿನದವರೆಗೆ ಬೇಕು. ಹಾಗಾಗಿ ರೋಗಿಗಳು ಒಂದೇ ರಾತ್ರಿ ಬರದೆ ನಾಲ್ಕೈದು ದಿನಕ್ಕೆ ಹರಡಿಕೊಂಡು ಬರುತ್ತಾರೆ. ಮಂಗಳವಾರ 3, ಬುಧವಾರ 12, ಗುರುವಾರ 9, ಶುಕ್ರವಾರ 4, ಶನಿವಾರ 2. ಒಟ್ಟು 30.

ಬುಧವಾರ ಬೆಳಿಗ್ಗೆ ಆ ಓಣಿಗೆ ನೀರು ಬಿಡುವ ಪಾಳಿ. ವೈದ್ಯಾಧಿಕಾರಿ ಐದೂವರೆಗೇ ಪಿಡಿಒ ಅವರಿಗೆ ಹೇಳಿ ವಾಲ್ವ್ ತೆರೆಯದಂತೆ ನಿಲ್ಲಿಸಿದರು. ಟ್ಯಾಂಕರಿನಲ್ಲಿ ಕ್ಲೋರಿನ್ ಹಾಕಿದ ನೀರು ತರಿಸಿದರು. ಸೋಮವಾರ ತುಂಬಿಟ್ಟ ನೀರು ಹರವಿ, ಹಂಡೆ, ಬ್ಯಾರಲ್‌ಗಳಲ್ಲಿ ಇನ್ನೂ ಇತ್ತು. ಬರೀ ವಾಲ್ವ್ ಮುಚ್ಚಿ ಸುಮ್ಮನಾದರೆ ಮನೆಯೊಳಗಿನ ಆ ನೀರು ಮತ್ತೆ ಎರಡು ದಿನ ರೋಗ ಹಂಚುತ್ತಿತ್ತು. ಮನೆಮನೆಗೆ ಹೋಗಿ ಕುಡಿಯಲು ಇಟ್ಟಿದ್ದನ್ನು ಚೆಲ್ಲಿಸಿ, ಕೊಡ ತೊಳೆಸಿ, ಹೊಸ ನೀರು ತುಂಬಿಸಿದರು. ನೀರಿಗಾಗಿ ಎರಡು ದಿನ ಕಾದವರಿಗೆ ತುಂಬಿದ ಹಂಡೆ ಚೆಲ್ಲಿ ಎನ್ನುವುದು ಸುಲಭವಲ್ಲ. ಟ್ಯಾಂಕರು ಓಣಿಯ ತುದಿಯಲ್ಲಿ ಬಂದು ನಿಂತ ಮೇಲೆ ಹೇಳಿದ್ದರಿಂದ ಜನ ಒಪ್ಪಿದರು. ಈ ಎರಡರಲ್ಲಿ ಯಾವುದು ಮೊದಲು ಎನ್ನುವುದು ತಪ್ಪಬಾರದು.

ಪಟ್ಟಿ ತೋರಿಸಿದ ದಿಕ್ಕು

ಒಂದು ನೋಟ್‌ಬುಕ್ಕಿನಲ್ಲಿ ಉದ್ದ ಗೆರೆ ಹಾಕಿ ಪ್ರತಿ ರೋಗಿಗೆ ಒಂದು ಸಾಲು: ವಯಸ್ಸು, ಮನೆ, ಭೇದಿ ಶುರುವಾದ ದಿನ ಮತ್ತು ಹೊತ್ತು, ಹಿಂದಿನ ಐದು ದಿನ ಕುಡಿದ ನೀರು, ಉಂಡ ಊಟ, ಮದುವೆಗೆ ಹೋಗಿದ್ದರೋ ಇಲ್ಲವೋ, ದಿನಾ ನುಂಗುವ ಗುಳಿಗೆ. ಅದರ ಪಕ್ಕದಲ್ಲಿ ಓಣಿಯ ಕೈನಕ್ಷೆ, ರೋಗಿ ಇರುವ ಮನೆಗೆ ಒಂದು ಚುಕ್ಕೆ.

30 ಜನರಲ್ಲಿ ಮದುವೆ ಊಟ ಉಂಡವರು 13 ಮಾತ್ರ. ಮೇಲಿನ ಓಣಿಗಳಿಂದ ನೂರಾರು ಜನ ಉಂಡಿದ್ದರು, ಅವರು ಚೆನ್ನಾಗಿಯೇ ಇದ್ದರು. ಊಟದ ಮಾತು ಅಲ್ಲಿಗೆ ಮುಗಿಯಿತು. ಕೆಳಗಿನ ಓಣಿಯ 260 ಜನರಲ್ಲಿ 27 ಮಂದಿಗೆ ಭೇದಿ, ಅಂದರೆ ಶೇ 10.4. ಉಳಿದ ಊರಿನ 1,840 ಜನರಲ್ಲಿ ಮೂವರಿಗೆ. ಆ ಮೂವರಲ್ಲಿ ಇಬ್ಬರು ಸೋಮವಾರ ಕೆಳಗಿನ ಓಣಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿ ಅಲ್ಲೇ ನೀರು ಕುಡಿದವರು, ಇನ್ನೊಬ್ಬಳು ಅಜ್ಜಿಯ ಮನೆಗೆ ಹೋಗಿ ಬಂದ ಹುಡುಗಿ. ಹೊರಗೆ ಬಿದ್ದ ಚುಕ್ಕೆಗಳನ್ನು ಬೆನ್ನು ಹತ್ತಿ ಕೇಳಬೇಕು. ಓಣಿಯೊಳಗಿನ ಇಪ್ಪತ್ತೇಳು ಜನ ಹೇಳದ ಮಾತನ್ನು ಹೊರಗಿನ ಮೂವರು ಹೇಳುತ್ತಾರೆ.

ಓಣಿಯೊಳಗೂ ಎರಡು ಪಾಲು ಮಾಡಿ ನೋಡಿದರು. ನಳದ ನೀರು ಕುಡಿಯುವ 35 ಮನೆಗಳ 175 ಜನರಲ್ಲಿ 24 ರೋಗಿಗಳು, ಶೇ 13.7. ಆರ್‌ಓ ಕ್ಯಾನಿನ ನೀರನ್ನೇ ಕುಡಿಯುವ 17 ಮನೆಗಳ 85 ಜನರಲ್ಲಿ 3, ಶೇ 3.5. ಹತ್ತಿರಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ. ಹಾಗಾದರೆ ಕ್ಯಾನಿನ ನೀರು ಕುಡಿದ ಮೂವರಿಗೆ ರೋಗ ಹೇಗೆ ತಗುಲಿತು? ಮೂರೂ ಮನೆಗಳಲ್ಲಿ ರೊಟ್ಟಿಯ ಜೊತೆ ಹಸಿ ಸವತಿಕಾಯಿ, ಹಸಿ ಮೆಂತೆ ತಿಂದಿದ್ದರು. ಅದನ್ನು ತೊಳೆದದ್ದು ನಳದ ನೀರಿನಲ್ಲಿ. ಬಿಸಿ ರೊಟ್ಟಿಯಿಂದ ಏನೂ ಆಗುವುದಿಲ್ಲ, ಹೆಂಚಿನ ಕಾವಿಗೆ ರೋಗಾಣು ಉಳಿಯುವುದಿಲ್ಲ. ಪಕ್ಕದಲ್ಲಿಟ್ಟ ಹಸಿ ಪಲ್ಲೆಯಿಂದ ಆಗುತ್ತದೆ.

ಆರ್‌ಓ ನೀರಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನಿನ ಬಾಯಿಗೆ ಕೊಳೆ ಕೈ ತಗುಲಿದರೆ, ಚರಗಿ ಅದ್ದಿ ತೆಗೆದರೆ, ಒಳಗೆ ಬಿದ್ದ ರೋಗಾಣುವನ್ನು ಕೊಲ್ಲುವುದಕ್ಕೆ ಅದರಲ್ಲಿ ಏನೂ ಇಲ್ಲ. ಫ್ಲೋರೈಡಿಗೆ ಅದು ಉತ್ತರ, ರೋಗಾಣುವಿಗೆ ಅರ್ಧ ಉತ್ತರ.

ಟ್ಯಾಂಕಿನಲ್ಲಿ ಹಳದಿ, ಕಡೆಯ ನಳದಲ್ಲಿ ಬಣ್ಣವಿಲ್ಲ

ವಾಟರ್‌ಮನ್ ಮೇಲೆ ಎಲ್ಲರ ಕಣ್ಣು ಬಿತ್ತು. ಬ್ಲೀಚಿಂಗ್ ಪೌಡರ್ ಹಾಕಿದ್ದೇನೆ ಎಂದು ಆತ ಹೇಳಿದ. ಅಳೆದು ನೋಡಿದಾಗ ಅದು ನಿಜವೇ ಆಗಿತ್ತು. ಸೋಮವಾರದ ಟ್ಯಾಂಕಿನ ನೀರು ತಳದಲ್ಲಿ ಇನ್ನೂ ಉಳಿದಿತ್ತು. ಅದರ 10 ಮಿಲಿ ನೀರನ್ನು ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪಿನ ಗಾಜಿನ ನಳಿಗೆಗೆ ತುಂಬಿ ಆರ್ಥೊಟಾಲಿಡಿನ್ ಎನ್ನುವ ರಾಸಾಯನಿಕದ ಹನಿ ಬಿಟ್ಟರೆ ಹಳದಿ ಬಣ್ಣ ಬಂತು, 0.5 ಪಿಪಿಎಂ, ಅಂದರೆ ಲೀಟರಿಗೆ ಅರ್ಧ ಮಿಗ್ರಾಂ ಕ್ಲೋರಿನ್. ಈ ಬಣ್ಣವನ್ನು ಹನಿ ಬಿಟ್ಟ ಹತ್ತು ಸೆಕೆಂಡಿನೊಳಗೆ ನೋಡಬೇಕು. ಹೊತ್ತು ಹೋದಂತೆ, ಬೇರೆ ವಸ್ತುವಿಗೆ ಅಂಟಿ ಬಲ ಕಳೆದುಕೊಂಡ ಕ್ಲೋರಿನ್ ಕೂಡ ಹಳದಿ ಕೊಡತೊಡಗುತ್ತದೆ, ಆಗ ಇಲ್ಲದ ರಕ್ಷಣೆ ಇದೆ ಎಂದು ಓದಿಕೊಳ್ಳುತ್ತೇವೆ. ಪರೀಕ್ಷೆ ಮಾಡಿದ ನೀರನ್ನು ಮತ್ತೆ ಕುಡಿಯುವ ನೀರಿಗೆ ಸುರಿಯಲೂ ಬಾರದು, ಆ ರಾಸಾಯನಿಕ ವಿಷಕಾರಿ.

ಗುರುವಾರ ಬೆಳಿಗ್ಗೆ, ಯಾರೂ ನೀರು ಹಿಡಿಯಬಾರದೆಂದು ಮೈಕಿನಲ್ಲಿ ಸಾರಿ, ಪರೀಕ್ಷೆಗೆಂದು ಹತ್ತು ನಿಮಿಷ ವಾಲ್ವ್ ತೆರೆದರು. ಓಣಿಯ ಮೊದಲ ಮನೆಯಲ್ಲಿ 0.2. ಹದಿನೆಂಟನೆಯ ಮನೆಯ ಆಚೆ ಬಣ್ಣವೇ ಇಲ್ಲ. ಆ ನಳದ ನೀರನ್ನು ಮಲದ ಬ್ಯಾಕ್ಟೀರಿಯಾ ಪತ್ತೆಮಾಡುವ ಎಚ್2ಎಸ್ ಬಾಟಲಿಗೆ ತುಂಬಿಟ್ಟರೆ ಮರುದಿನ ಬೆಳಿಗ್ಗೆ ಇದ್ದಿಲಿನಂತೆ ಕಪ್ಪು. ಅಂದರೆ ಮಲದ ಸಂಪರ್ಕ. ರೋಗಿಗಳ ಮನೆಯ ಚುಕ್ಕೆಗಳೂ ಅದೇ ಜಾಗದಿಂದ ಕೆಳಗೆ ದಟ್ಟವಾಗಿದ್ದವು, 27ರಲ್ಲಿ 21.

ಆ ಹದಿನೆಂಟನೆಯ ಮನೆಯ ಮುಂದೆ ನೆಲದಲ್ಲಿ ಒಂದು ಗುಂಡಿ. ಮೊಣಕಾಲು ಮುಳುಗುವಷ್ಟು ಆಳ, ಸುತ್ತ ಕಲ್ಲು ಜೋಡಿಸಿದೆ. ಗುಂಡಿಯ ತಳದಲ್ಲಿ ಅರ್ಧ ಇಂಚಿನ ಪಿವಿಸಿ ಪೈಪಿನ ತುದಿ ಮೇಲೆದ್ದಿದೆ. ಅದಕ್ಕೆ ನಲ್ಲಿ ಇಲ್ಲ. ಹಳೆ ಸೀರೆಯ ಚಿಂದಿ ಸುತ್ತಿದ ಕಟ್ಟಿಗೆಯ ಬಿರಡೆಯನ್ನು ಬಾಯಿಗೆ ಒತ್ತಿದ್ದಾರೆ. ಗುಂಡಿಯ ತುಂಬ ಬೂದು ಬಣ್ಣದ ನೀರು, ಬಿರಡೆ ಅದರೊಳಗೆ ಮುಳುಗಿದೆ. ಎರಡು ಮಾರು ದೂರದಲ್ಲಿ ತೆರೆದ ಗಟಾರ. ಮೇಲಿನ ಒಂದು ಮನೆಯ ಶೌಚಾಲಯದ ನೀರು ತನ್ನ ಇಂಗುಗುಂಡಿಗೆ ಇಳಿಯದೆ ಅದೇ ಗಟಾರಕ್ಕೆ ಹೋಗುತ್ತಿತ್ತು. ಭಾನುವಾರದ ಮಳೆಗೆ ಗಟಾರ ತುಂಬಿ ನಳದ ಗುಂಡಿಗೆ ಹರಿದಿತ್ತು.

ಇಂಥ ಗುಂಡಿಯನ್ನು ಯಾರೂ ಹುಚ್ಚಿಗೆ ತೋಡುವುದಿಲ್ಲ. ಮೇಲಿನ ಮನೆಗಳಲ್ಲಿ ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆಯುತ್ತಾರೆ, ಕೊಡ ತುಂಬಿದ ಮೇಲೂ ನಳ ತೆರೆದೇ ಬಿಡುತ್ತಾರೆ. ಕಡೆಯ ಮನೆಗೆ ಬರುವ ಹೊತ್ತಿಗೆ ನೀರಿಗೆ ಒಂದು ಅಡಿ ಮೇಲೇರುವ ಒತ್ತಡವೂ ಇರುವುದಿಲ್ಲ. ನೀರು ಮೇಲೆ ಬರದಿದ್ದರೆ ನಳವನ್ನೇ ಕೆಳಗೆ ಇಳಿಸುತ್ತಾರೆ. ತಪ್ಪು ಗುಂಡಿ ತೋಡಿದವರದ್ದಷ್ಟೇ ಎಂದು ನೋಟಿಸು ಕೊಟ್ಟರೆ ಆ ಗುಂಡಿ ಮುಚ್ಚಿ ಪಕ್ಕದಲ್ಲಿ ಇನ್ನೊಂದು ಏಳುತ್ತದೆ.

ನೀರು ಬಿಟ್ಟಾಗ ಗುಂಡಿಯಿಂದ ತೊಂದರೆ ಕಡಿಮೆ, ಪೈಪಿನೊಳಗಿನ ಒತ್ತಡ ಹೊರಗಿನ ಕೊಳೆಯನ್ನು ತಳ್ಳುತ್ತಿರುತ್ತದೆ. ಅಪಾಯ ಇರುವುದು ವಾಲ್ವ್ ಮುಚ್ಚಿದ ಮೇಲೆ. ಪೈಪಿನೊಳಗೆ ಉಳಿದ ನೀರು ಇಳಿಜಾರಿಗೆ, ಹಳ್ಳದ ಕಡೆಯ ತಗ್ಗಿನ ನಳಗಳಿಂದ ಸೋರಿ ಹೋಗುತ್ತದೆ. ಖಾಲಿಯಾಗುವ ಪೈಪು ಎಲ್ಲಿಂದಲಾದರೂ ಗಾಳಿ ಎಳೆದುಕೊಳ್ಳಬೇಕು. ಗಾಳಿ ಎಳೆದುಕೊಳ್ಳಬೇಕಾದ ಬಾಯಿ ಗಟಾರದ ನೀರಿನಲ್ಲಿ ಮುಳುಗಿದ್ದರೆ ಆ ನೀರನ್ನೇ ಎಳೆದುಕೊಳ್ಳುತ್ತದೆ. ಚಿಂದಿ ಸುತ್ತಿದ ಬಿರಡೆ ಅದನ್ನು ಸೋಸಿ ಕೊಡುತ್ತದೆ, ತಡೆಯುವುದಿಲ್ಲ. ಮುಂದಿನ ಪಾಳಿಯಲ್ಲಿ ನೀರು ಬಿಟ್ಟಾಗ ಪೈಪಿನಲ್ಲಿ ಕುಳಿತಿದ್ದ ಈ ಕೊಳೆಯೇ ಮೊದಲು ಹೊರಗೆ ಬರುತ್ತದೆ. ಹಾಗಾಗಿಯೇ ಮೊದಲ ಕೊಡಗಳು ಎಲ್ಲಕ್ಕಿಂತ ಕೆಟ್ಟವು. ಟ್ಯಾಂಕಿನಿಂದ ಬಂದ ಅರ್ಧ ಪಿಪಿಎಂ ಕ್ಲೋರಿನ್ ಆ ಕೊಳೆಯ ಸಾವಯವ ವಸ್ತುವಿನ ಮೇಲೆಯೇ ಖರ್ಚಾಗಿ, ರೋಗಾಣುವಿಗೆ ಉಳಿಯುವುದಿಲ್ಲ.

ಇದಕ್ಕೆ ಹುಬ್ಬಳ್ಳಿ–ಧಾರವಾಡದಲ್ಲೇ ಒಳ್ಳೆಯ ಪುರಾವೆ ಇದೆ. 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ವ್ಯವಸ್ಥೆ ಬಂತು, ಉಳಿದ ಕಡೆ ಕೆಲವು ದಿನಕ್ಕೊಮ್ಮೆ ಬಿಡುವ ಪದ್ಧತಿಯೇ ಮುಂದುವರಿಯಿತು. ಸಂಶೋಧಕರು ಎರಡೂ ಕಡೆಯ ನಳದ ನೀರನ್ನು ಹೋಲಿಸಿದಾಗ, ದಿನ ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದರಲ್ಲಿ ಮಲದ ಬ್ಯಾಕ್ಟೀರಿಯಾ ಇ. ಕೊಲೈ ಸಿಕ್ಕಿತು. ಸದಾ ನೀರಿರುವ ನಳಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಒಂದೇ ನಗರದಲ್ಲಿ, ಪೈಪು ಖಾಲಿಯಾಗುತ್ತದೆಯೋ ಇಲ್ಲವೋ ಎನ್ನುವುದು ಇಷ್ಟು ಫರಕು ಮಾಡುತ್ತದೆ.

ಎರಿ ಮಣ್ಣಿನ ಗುಣ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ, ಮೊದಲ ಮಳೆಗೆ ಉಬ್ಬುತ್ತದೆ. ಈ ಕುಗ್ಗು–ಉಬ್ಬಿಗೆ ಪಿವಿಸಿ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಬಿರುಕುಗಳೇ ಗಟಾರದಿಂದ ಪೈಪಿನವರೆಗೆ ಕಾಲುವೆಗಳಾಗುತ್ತವೆ. ಈ ಓಣಿಯಲ್ಲಿ ಗುಂಡಿಯ ಜೊತೆಗೆ ಇಂಥ ಎರಡು ಬಿಚ್ಚಿದ ಜೋಡಣೆಗಳು ಸಿಕ್ಕವು, ಎರಡೂ ಗಟಾರದ ಅಡಿಯಲ್ಲೇ. ಎರಿ ಸೀಮೆಯಲ್ಲಿ ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ವಾಂತಿಭೇದಿ ಏಳುವುದಕ್ಕೆ ಬರೀ ಮಳೆಯಲ್ಲ, ಈ ಮಣ್ಣೂ ಕಾರಣ.

ಕರುಳಿನಲ್ಲಿ ನಡೆದದ್ದು

ರೋಗಿಗಳ ಮಲದ ಮಾದರಿಯಲ್ಲಿ ಕಾಲರಾದ ರೋಗಾಣು, ವಿಬ್ರಿಯೊ ಕಾಲರೆ, ಬೆಳೆಯಿತು. ಮಾದರಿ ತೆಗೆಯುವುದರಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಆಂಟಿಬಯೋಟಿಕ್ ಕೊಟ್ಟ ಮೇಲೆ ತೆಗೆದರೆ ಏನೂ ಬೆಳೆಯುವುದಿಲ್ಲ. ಒಣ ಬಾಟಲಿಯಲ್ಲಿ ಕಳಿಸಿದರೆ ದಾರಿಯಲ್ಲೇ ಸಾಯುತ್ತದೆ. ಕ್ಯಾರಿ–ಬ್ಲೇರ್ ಎನ್ನುವ ಸಾಗಣೆ ಮಾಧ್ಯಮದಲ್ಲಿ ಸ್ವಾಬ್ ಅದ್ದಿ ಮುಚ್ಚಳ ಬಿಗಿಮಾಡಿದರೆ ಕೋಣೆಯ ಉಷ್ಣಾಂಶದಲ್ಲೇ ಜಿಲ್ಲಾ ಪ್ರಯೋಗಾಲಯ ತಲುಪುತ್ತದೆ, ಈ ರೋಗಾಣುವಿಗೆ ಐಸ್ ಬೇಕಿಲ್ಲ.

ಒಂದೇ ನೀರು ಕುಡಿದ 175 ಜನರಲ್ಲಿ 24 ಜನರಿಗೇ ಏಕೆ? ಇದು ಊರವರೂ ಕೇಳಿದ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಮೊದಲ ಕಾವಲು ಜಠರದ ಆಮ್ಲ. ಕಾಲರಾದ ರೋಗಾಣುವಿಗೆ ಆಮ್ಲ ಆಗಿಬರುವುದಿಲ್ಲ. ಗಟ್ಟಿ ಆಮ್ಲವಿರುವ ದೊಡ್ಡವರಿಗೆ ರೋಗ ಬರಬೇಕಾದರೆ ಕೋಟಿಗಟ್ಟಲೆ ರೋಗಾಣು ಒಳಗೆ ಹೋಗಬೇಕು. ಆಮ್ಲ ಕಡಿಮೆಯಿದ್ದರೆ ಅದರ ಸಾವಿರಾರು ಪಾಲು ಕಡಿಮೆ ಹೋದರೂ ಸಾಕು. ಮೊದಲು ಬಿದ್ದ 62 ವರ್ಷದ ಹೆಂಗಸು ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗೆ ನುಂಗುತ್ತಿದ್ದರು, ಅದು ಆಮ್ಲವನ್ನೇ ಕಟ್ಟಿಹಾಕುವ ಗುಳಿಗೆ. ಪಟ್ಟಿಯಲ್ಲಿ ಗುಳಿಗೆಗೆ ಒಂದು ಅಂಕಣ ಇಟ್ಟಿದ್ದು ಇದಕ್ಕೇ. ಕರುಳಿನ ಲೋಳೆ, ಅಲ್ಲಿ ಮೊದಲೇ ನೆಲೆಸಿರುವ ನಮ್ಮ ಬ್ಯಾಕ್ಟೀರಿಯಾಗಳು ಆನಂತರದ ಕಾವಲು. ಸೋಂಕು ತಗುಲಿದ ಬಹುಪಾಲು ಜನರಿಗೆ ಲಕ್ಷಣ ಕಾಣುವುದೇ ಇಲ್ಲ, ಆದರೆ ಅವರ ಮಲದಲ್ಲಿ ಒಂದರಿಂದ ಹತ್ತು ದಿನ ರೋಗಾಣು ಹೋಗುತ್ತಿರುತ್ತದೆ. ರೋಗ ತಂದವರು ಯಾರು ಎಂದು ಹುಡುಕುವ ಕೆಲಸವನ್ನು ಈ ತನಿಖೆಯಲ್ಲಿ ಬೇಕೆಂದೇ ಕೈಬಿಟ್ಟರು. ಹಾಗೆ ಹುಡುಕಿದರೆ ಬಡವರೊಬ್ಬರ ಮನೆಗೆ ಬೆರಳು ತೋರಿಸಿದ ಹಾಗಾಗುತ್ತದೆ. ಪೈಪಿನ ತೂತು ಹಾಗೇ ಉಳಿಯುತ್ತದೆ.

ಸಣ್ಣ ಕರುಳು ತಲುಪಿದ ರೋಗಾಣು ಗೋಡೆಗೆ ಅಂಟಿ ಕೂರುತ್ತದೆ, ಒಳಗೆ ನುಗ್ಗುವುದಿಲ್ಲ. ಜ್ವರ ಮತ್ತು ರಕ್ತ ಕಾಣದಿರುವುದು ಈ ಕಾರಣಕ್ಕೆ. ಶಿಗೆಲ್ಲಾದಂಥ ಆಮಶಂಕೆಯ ರೋಗಾಣು ಗೋಡೆ ಕೊರೆಯುತ್ತದೆ, ಅಲ್ಲಿ ಜ್ವರವೂ ರಕ್ತವೂ ಇರುತ್ತವೆ. ಕಾಲರಾ ಕುಳಿತಲ್ಲೇ ಒಂದು ವಿಷ ಬಿಡುತ್ತದೆ. ರೋಗಾಣುವನ್ನು ಸೋಸಿ ತೆಗೆದ ದ್ರವದಲ್ಲೂ ಈ ವಿಷ ಉಳಿದು ಕೆಲಸ ಮಾಡುತ್ತದೆ ಎನ್ನುವುದನ್ನು 1959ರಲ್ಲಿ ಕೊಲ್ಕತ್ತದ ಶಂಭುನಾಥ್ ಡೇ ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ವಿಷ ಕರುಳ ಕೋಶದೊಳಗೆ ಹೋಗಿ, ಅಲ್ಲಿನ ಒಂದು ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲೇ ಬಿಗಿದುಬಿಡುತ್ತದೆ. ಕೋಶ ಕ್ಲೋರೈಡ್ ಲವಣವನ್ನು ನಿಲ್ಲಿಸದೆ ಹೊರಗೆ ಸುರಿಯುತ್ತದೆ, ಸೋಡಿಯಂ ಹೀರುವುದು ನಿಲ್ಲುತ್ತದೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ತಾಸಿಗೆ ಒಂದು ಲೀಟರಿನವರೆಗೂ.

ಇಷ್ಟೆಲ್ಲ ಕೆಡಿಸಿದರೂ ವಿಷ ಮುಟ್ಟದೆ ಬಿಟ್ಟ ಒಂದು ಬಾಗಿಲಿದೆ. ಗ್ಲೂಕೋಸಿನ ಜೊತೆಯಲ್ಲಿ ಸೋಡಿಯಂ ಹೀರಿಕೊಳ್ಳುವ ಬಾಗಿಲು ಅದು. ಸಕ್ಕರೆ ಇಲ್ಲದ ಉಪ್ಪುನೀರು ಕೊಟ್ಟರೆ ಹಾಗೇ ಹೊರಗೆ ಹೋಗುತ್ತದೆ. ಎರಡೂ ಸರಿಯಾದ ಪ್ರಮಾಣದಲ್ಲಿ ಸೇರಿದರೆ ಭೇದಿ ನಡೆಯುತ್ತಿರುವಾಗಲೇ ನೀರು ಒಳಗೆ ಹೋಗುತ್ತದೆ. ಓಆರ್‌ಎಸ್ ನಿಂತಿರುವುದು ಈ ಒಂದು ಬಾಗಿಲಿನ ಮೇಲೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲಾಯಿನ್ ಮುಗಿದಾಗ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಈ ದ್ರಾವಣ ತುಂಬಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅಲ್ಲಿ ಸಾವು ಶೇ 4ಕ್ಕಿಂತ ಕೆಳಗೆ ಇಳಿಯಿತು.

ದೇಹದ ಕಡೆಯಿಂದ ಎರಡು ಕೆಲಸ ನಡೆಯುತ್ತವೆ. ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದು ಬರುತ್ತವೆ, ಸ್ವಿಚ್ಚು ಬಿಗಿದುಹೋದ ಕೋಶಗಳೂ ಹಾಗೆಯೇ ಹೋಗುತ್ತವೆ. ಅಷ್ಟರಲ್ಲಿ ಕರುಳಿನಲ್ಲಿ ಐಜಿಎ ಎನ್ನುವ ಪ್ರತಿಕಾಯಗಳು ತಯಾರಾಗಿ ರೋಗಾಣು ಗೋಡೆಗೆ ಅಂಟದಂತೆ ಹಿಡಿಯುತ್ತವೆ. ಇದಕ್ಕೆ ಒಂದು ವಾರದಷ್ಟು ಬೇಕು. ತಾಯಿಹಾಲಿನಲ್ಲಿ ಇವು ಸಿದ್ಧವಾಗಿಯೇ ಇರುತ್ತವೆ, ಈ ಓಣಿಯ ಮೊಲೆಯುಣ್ಣುವ ಕೂಸುಗಳಲ್ಲಿ ಒಂದಕ್ಕೂ ರೋಗ ಬರಲಿಲ್ಲ. ಅಂದರೆ ದೇಹ ಗೆಲ್ಲುವ ಯುದ್ಧವೇ ಇದು. ಗೆಲ್ಲುವವರೆಗೆ ನೀರು ಮತ್ತು ಲವಣ ಮುಗಿಯದಂತೆ ನೋಡಿಕೊಳ್ಳುವುದು ಚಿಕಿತ್ಸೆ.

ಇಬ್ಬರ ಲೆಕ್ಕ

ಐದು ವರ್ಷದ ಹುಡುಗ, 15 ಕೆಜಿ. ಕಣ್ಣು ಸ್ವಲ್ಪ ಒಳಗೆ ಹೋಗಿವೆ, ನೀರು ಕಂಡರೆ ಕೈ ಚಾಚುತ್ತಾನೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಇದು ಮಧ್ಯಮ ನಿರ್ಜಲೀಕರಣ. ಕೆಜಿಗೆ 75 ಮಿಲಿಯಂತೆ 1,125 ಮಿಲಿ ಓಆರ್‌ಎಸ್, ನಾಲ್ಕು ತಾಸಿನಲ್ಲಿ. ತಾಯಿ ಮೊದಲು ಲೋಟಗಟ್ಟಲೆ ಕುಡಿಸಿದರು, ಎಲ್ಲ ವಾಂತಿಯಾಯಿತು. ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೆ ಒಂದು ಚಮಚೆಯಂತೆ ಶುರುಮಾಡಿದ ಮೇಲೆ ನಿಂತಿತು. ವಾಂತಿಯಾಗುತ್ತಿದೆ ಎಂದು ಓಆರ್‌ಎಸ್ ನಿಲ್ಲಿಸುವುದು ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಜೊತೆಗೆ ಸತುವಿನ ಗುಳಿಗೆ, ದಿನಕ್ಕೆ 20 ಮಿಗ್ರಾಂ, 14 ದಿನ. ಭೇದಿ ನಿಂತ ಮೇಲೂ ಮುಂದುವರಿಸಬೇಕು.

62 ವರ್ಷದ ಹೆಂಗಸು, 45 ಕೆಜಿ. ಎಚ್ಚರವಿಲ್ಲದ ಹಾಗೆ ಮಲಗಿದ್ದಾರೆ, ಮಣಿಕಟ್ಟಿನ ನಾಡಿ ಸಿಗುತ್ತಿಲ್ಲ, ಚಿವುಟಿದ ಚರ್ಮ ಎರಡು ಸೆಕೆಂಡ್ ಕಳೆದರೂ ಎದ್ದೇ ಇದೆ. ಇಲ್ಲಿ ಬಾಯಿಂದ ಕೊಡುತ್ತ ಕೂರುವ ಹೊತ್ತಲ್ಲ. ರಿಂಗರ್ ಲ್ಯಾಕ್ಟೇಟ್ ಎನ್ನುವ ಲವಣಗಳ ಸಲಾಯಿನ್ ನರದಿಂದ, ಕೆಜಿಗೆ 100 ಮಿಲಿ, ಒಟ್ಟು 4.5 ಲೀಟರ್: ಮೊದಲ ಅರ್ಧ ತಾಸಿನಲ್ಲಿ 1,350 ಮಿಲಿ, ಮುಂದಿನ ಎರಡೂವರೆ ತಾಸಿನಲ್ಲಿ 3,150 ಮಿಲಿ. ಅರ್ಧ ತಾಸಿನಲ್ಲಿ ಎರಡೂವರೆ ಬಾಟಲಿಗಿಂತ ಹೆಚ್ಚು ಹೋಗಬೇಕಾದ್ದರಿಂದ ಎರಡೂ ಕೈಗೆ ದಪ್ಪ ಸೂಜಿ ಹಾಕಿದರು. ಎದ್ದು ಕುಡಿಯುವಂತಾದ ಕೂಡಲೇ ಓಆರ್‌ಎಸ್ ಜೊತೆಗೇ ಶುರು. ಆಮೇಲೆ ವೈದ್ಯರ ನಿರ್ಧಾರದಂತೆ ಡಾಕ್ಸಿಸೈಕ್ಲಿನ್ 300 ಮಿಗ್ರಾಂ ಒಂದೇ ಸಲ. ಅದು ಭೇದಿಯ ದಿನಗಳನ್ನೂ ರೋಗಾಣು ಹೊರಬೀಳುವುದನ್ನೂ ಕಡಿಮೆಮಾಡುತ್ತದೆ, ಆದರೆ ಜೀವ ಉಳಿಸಿದ್ದು ನೀರು.

ಈ ಭಾಗದಲ್ಲಿ ಸಲಾಯಿನ್ ಹಚ್ಚಿಸಿಕೊಂಡರೆ ಮಾತ್ರ ಚಿಕಿತ್ಸೆ ಆದಂತೆ ಎನ್ನುವ ನಂಬಿಕೆ ಗಟ್ಟಿ. ಕಾಲರಾದಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಚ್ಚುವುದು ವ್ಯರ್ಥ, ಅದರಲ್ಲಿ ಹೋದ ಲವಣಗಳು ಇಲ್ಲ. ಭೇದಿ ಕಟ್ಟುವ ಗುಳಿಗೆ ಬೇಡವೇ ಬೇಡ. ಓಆರ್‌ಎಸ್ ಪೊಟ್ಟಣವನ್ನು ಅರ್ಧ ಮಾಡಿ ಒಂದು ಲೋಟಕ್ಕೆ ಕಲಸುವುದನ್ನು ನಾಲ್ಕು ಮನೆಗಳಲ್ಲಿ ಕಂಡರು. ಗಟ್ಟಿಯಾದ ದ್ರಾವಣ ಮೈಯೊಳಗಿಂದ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಪೂರ್ತಿ. ತಂಬಿಗೆಯ ಲೆಕ್ಕ ಮನೆಗೊಂದು ತರಹ ಇರುವುದರಿಂದ ಖಾಲಿ ಒಂದು ಲೀಟರಿನ ನೀರಿನ ಬಾಟಲಿಯನ್ನೇ ಅಳತೆಗೆ ಹಂಚಿದರು. ಕಲಸಿದ್ದು 24 ತಾಸು ದಾಟಿದರೆ ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು.

ಶನಿವಾರದ ಇಬ್ಬರು ನೀರಿನಿಂದ ಬಿದ್ದವರಲ್ಲ. ಇಬ್ಬರೂ ರೋಗಿಗಳ ಬಟ್ಟೆ ತೊಳೆದ ಹೆಂಗಸರು. ಆ ಹೊತ್ತಿಗೆ ಬ್ಲೀಚಿಂಗ್ ಪೌಡರ್ ಮನೆಗೆ ಕೊಟ್ಟಾಗಿತ್ತು, ಎಷ್ಟು ಹಾಕಬೇಕೆಂದು ಹೇಳಿರಲಿಲ್ಲ. ಶೇ 25 ಕ್ಲೋರಿನ್ ಇರುವ ಪೌಡರಾದರೆ ಬಟ್ಟೆಗೆ, ನೆಲಕ್ಕೆ ಲೀಟರಿಗೆ 8 ಗ್ರಾಂ. ಮಲ, ವಾಂತಿಯ ಮೇಲೆ ಸುರಿಯಲು ಲೀಟರಿಗೆ 80 ಗ್ರಾಂ. ಶೌಚಾಲಯ ತೊಳೆಯುವ ಆ್ಯಸಿಡ್ಡಿನ ಜೊತೆ ಇದನ್ನು ಯಾವತ್ತೂ ಸೇರಿಸಬಾರದು, ಉಸಿರು ಕಟ್ಟುವ ಕ್ಲೋರಿನ್ ಅನಿಲ ಏಳುತ್ತದೆ.

ಪೌಡರಿನ ಲೆಕ್ಕ

ಟ್ಯಾಂಕಿಗೆ ಲೀಟರಿಗೆ 2 ಮಿಗ್ರಾಂ ಕ್ಲೋರಿನ್ ಕೊಡಬೇಕೆಂದರೆ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್. ಶೇ 25ರ ಪೌಡರಿನಲ್ಲಿ ಇದು 400 ಗ್ರಾಂ. ತಾಜಾ ಪೌಡರ್ ಶೇ 33 ಇದ್ದರೆ 300 ಗ್ರಾಂ ಸಾಕು. ಬಾಯಿ ತೆರೆದಿಟ್ಟ ಚೀಲದಲ್ಲಿ ತೇವ ಹೊಕ್ಕು ಶೇ 10ಕ್ಕೆ ಇಳಿದಿದ್ದರೆ ಒಂದು ಕೆಜಿ ಬೇಕು. ‘ದಿನಾ ಎರಡು ಮುಷ್ಟಿ’ ಎನ್ನುವ ಅಳತೆ ಇಲ್ಲೇ ಕೈಕೊಡುತ್ತದೆ. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ, ಹತ್ತು ನಿಮಿಷ ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ನೀರು ಬಿಡುವ ಮೊದಲು ಕನಿಷ್ಠ ಅರ್ಧ ತಾಸು ಕಾಯಬೇಕು.

ಪೈಪು ತೊಳೆಯುವುದಕ್ಕೆ ಬೇರೆ ಲೆಕ್ಕ. ಓಣಿಯ ಪೈಪಿನ ಉದ್ದ 400 ಮೀಟರ್, ಒಳವ್ಯಾಸ 75 ಮಿಮೀ, ಹಿಡಿಯುವ ನೀರು ಸುಮಾರು 1,770 ಲೀಟರ್. ಲೀಟರಿಗೆ 25 ಮಿಗ್ರಾಂ ಕ್ಲೋರಿನ್ ಎಂದರೆ 44 ಗ್ರಾಂ, ಶೇ 25ರ ಪೌಡರ್ ಸುಮಾರು 180 ಗ್ರಾಂ. ಮೊದಲು ಗುಂಡಿಯ ನಳ ಕತ್ತರಿಸಿ ಮುಚ್ಚಿ, ಬಿಚ್ಚಿದ ಜೋಡಣೆ ಎರಡನ್ನೂ ಬದಲಿಸಿ, ನಂತರ ಈ ನೀರನ್ನು ತುಂಬಿ 24 ತಾಸು ನಿಲ್ಲಿಸಿದರು. ಎಲ್ಲ ನಳದ ಬಾಯಿಗೂ ಕೆಂಪು ಬಟ್ಟೆ ಕಟ್ಟಿ, ದಿನಕ್ಕೆ ನಾಲ್ಕು ಸಲ ಮೈಕಿನಲ್ಲಿ ಹೇಳಿ. ಆಮೇಲೆ ತುದಿಯಿಂದ ಹೊರಗೆ ಬಿಟ್ಟು, ಕಡೆಯ ನಳದಲ್ಲಿ ಅರ್ಧ ಪಿಪಿಎಂಗೆ ಇಳಿಯುವವರೆಗೆ ಹರಿಸಿದರು. ಜೋಡಣೆ ಸರಿಮಾಡುವ ಮೊದಲೇ ಹೀಗೆ ತೊಳೆದಿದ್ದರೆ ಒಂದೇ ಮಳೆಗೆ ಎಲ್ಲ ಮತ್ತೆ ಮೊದಲಿನಂತೆ.

ಗುಂಡಿಗಳು ಮತ್ತೆ ಏಳದಿರಲು ಒತ್ತಡ ಬೇಕಿತ್ತು. ಕೆಳಗಿನ ಓಣಿಗೆ ಬೇರೆ ವಾಲ್ವ್ ಕೂರಿಸಿ, ಮೇಲಿನ ಓಣಿ ಮುಚ್ಚಿರುವ ಹೊತ್ತಿನಲ್ಲಿ ಇದಕ್ಕೆ ಬಿಡುವ ಪಾಳಿ ಮಾಡಿದರು. ಮೋಟರುಗಳನ್ನು ಗ್ರಾಮ ಪಂಚಾಯಿತಿ ಕಿತ್ತಿಸಿತು. ಆಮೇಲೆ ನಳಗಳನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಎತ್ತಿ ನಲ್ಲಿ ಕೂರಿಸಿದರು, ನೀರು ಮೇಲಕ್ಕೆ ಬಂತು. ಬದಲಿಸಿದ ಪೈಪನ್ನು ಗಟಾರದಿಂದ ಮೂರು ಮೀಟರ್ ದೂರ ಒಯ್ದು, ಎರಿ ಮಣ್ಣಿನ ಎಳೆತ ತಾಗದಂತೆ ಸುತ್ತ ಮರಳು ಹಾಸಿ ಹೂಳಿದರು. ಓಣಿ ಇಕ್ಕಟ್ಟಾಗಿರುವ ಒಂದು ಕಡೆ ಮೂರು ಮೀಟರ್ ಜಾಗವಿರಲಿಲ್ಲ. ಅಲ್ಲಿ ಪೈಪನ್ನು ಗಟಾರದ ತಳಕ್ಕಿಂತ ಅರ್ಧ ಮೀಟರ್ ಮೇಲಕ್ಕೆ ತಂದು ಕಬ್ಬಿಣದ ಕೊಳವೆಯೊಳಗೆ ಹಾಯಿಸಿದರು.

ಕಡೆಯ ರೋಗಿ ಬಂದ ಶನಿವಾರದಿಂದ ಹತ್ತು ದಿನ, ಅಂದರೆ ರೋಗಾಣು ಅಡಗಿರಬಹುದಾದ ಹೆಚ್ಚಿನ ಅವಧಿಯ ಎರಡರಷ್ಟು, ಆಶಾ ಕಾರ್ಯಕರ್ತೆ ಮನೆಮನೆ ಕೇಳುತ್ತ ತಿರುಗಿದರು. ಹೊಸ ರೋಗಿ ಇಲ್ಲ. ವಾಟರ್‌ಮನ್‌ನ ಪುಸ್ತಕದಲ್ಲಿ ಈಗ ಟ್ಯಾಂಕಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಇದೆ, ‘ಕಡೆಯ ನಳ’. ನೀರು ಬಿಟ್ಟ ಐದನೆಯ ನಿಮಿಷದಲ್ಲಿ ಅಲ್ಲಿನ ಬಣ್ಣ ನೋಡಿ ಬರೆಯಬೇಕು. ಮುಂದಿನ ದೊಡ್ಡ ಮಳೆಯ ಮರುದಿನ ಆ ಅಂಕಣದಲ್ಲಿ 0.3 ಎಂದಿತ್ತು.